ಗಿಟಾರಿನ ಬೆನ್ನು ಯಾವ ಮರದ್ದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಗಿಟಾರ್ ಈಗ ಅಪರೂಪದ ವಸ್ತುವಲ್ಲ. ಇಗರ್ಜಿಯ ಗಾಯನ ತಂಡಕ್ಕೆ ಅದು ಎಷ್ಟೋ ವರ್ಷಗಳ ಜೊತೆಗಾರ. ಕಾಲೇಜು ಹಾಸ್ಟೆಲುಗಳಲ್ಲಿ ಸಂಜೆಯಾದರೆ ಯಾವುದೋ ಒಂದು ಕೋಣೆಯಿಂದ ಅದರ ದನಿ ಕೇಳಿಯೇ ಕೇಳುತ್ತದೆ. ಮಕ್ಕಳು ಹಟ ಹಿಡಿದಾಗ ಅಪ್ಪ ಅಮ್ಮ ಮಂಗಳೂರಿಗೆ ಹೋಗಿ ಅಂಗಡಿ ಅಂಗಡಿ ಅಲೆಯುತ್ತಾರೆ, ಇಲ್ಲವೇ ಮೊಬೈಲಿನಲ್ಲೇ ತರಿಸುತ್ತಾರೆ. ಐದು ಸಾವಿರದ್ದೂ ಇದೆ, ಐವತ್ತು ಸಾವಿರದ್ದೂ ಇದೆ. ವ್ಯತ್ಯಾಸ ಏನೆಂದು ಕೇಳಿದರೆ ಅಂಗಡಿಯವನ ಬಾಯಲ್ಲಿ ಮೊದಲು ಬರುವುದು ಮರದ ಹೆಸರು: ಇದು ರೋಸ್‌ವುಡ್, ಇದು ಮಹಾಗನಿ, ಇದು ಸಪೇಲೆ, ಇದರ ಮೇಲ್ಹಲಗೆ ಸ್ಪ್ರೂಸ್.

ಹೆಸರಿಗೆ ದುಡ್ಡು ಕೊಡುತ್ತೇವೆ ಎಂದಾದರೆ ಆ ಹೆಸರು ನಿಜವೇ ಎಂದು ಪರೀಕ್ಷಿಸುವ ಬಗೆಯೂ ಗೊತ್ತಿರಬೇಕು. ನಮ್ಮ ತಾಲೂಕುಗಳವರಿಗಂತೂ ಇದು ಕಷ್ಟದ ವಿದ್ಯೆಯಾಗಬಾರದು. ಗಿಟಾರ್ ಲೋಕದಲ್ಲಿ ಹೆಚ್ಚು ಬೆಲೆ ಬಾಳುವ ಮರಗಳ ಪೈಕಿ ಒಂದು ನಮ್ಮ ಬೀಟೆ; ಅಂಗಡಿಯವನು ರೋಸ್‌ವುಡ್ ಎನ್ನುವುದು ಇದನ್ನೇ. ಚಾರ್ಮಾಡಿ ಘಾಟಿಯ ಬುಡದ ಊರುಗಳಲ್ಲಿ ಹಿರಿಯರಿಗೆ ಅದರ ಪರಿಚಯ ಹೇಳಿಕೊಡಬೇಕಾಗಿಲ್ಲ. ಹಳೆಯ ಗುತ್ತಿನ ಮನೆಗಳ ಮಂಚಕ್ಕೆ, ಪೆಟ್ಟಿಗೆಗೆ, ಕುರ್ಚಿಯ ಕೈಗಳಿಗೆ ಬಳಸಿದ ಅದೇ ಮರವನ್ನು ಅಮೆರಿಕದ, ಜಪಾನಿನ, ಸ್ಪೇನಿನ ಕುಶಲಕರ್ಮಿಗಳು 2 ಮಿಲಿಮೀಟರಿಗಿಂತ ತುಸು ದಪ್ಪಕ್ಕೆ ಕೀಸಿ, ಬಿಸಿಯಲ್ಲಿ ಬಾಗಿಸಿ ಗಿಟಾರಿನ ಬೆನ್ನು, ಪಕ್ಕೆ ಮಾಡುತ್ತಾರೆ.

ಗಿಟಾರಿನ ಒಡಲಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ತಂತಿಯ ನಡುಕವನ್ನು ಗಾಳಿಗೆ ದಾಟಿಸುವುದು ಮೇಲ್ಹಲಗೆ. ಅದು ಹಗುರವಾಗಿರಬೇಕು, ಆದರೆ ಬಾಗಬಾರದು. ಅದಕ್ಕೆ ಬೇಕಾಗುವುದು ಚಳಿ ದೇಶದ ಸೂಚಿಪರ್ಣಿ ಮರ. ಯುರೋಪಿನ ಸ್ಪ್ರೂಸ್, ಅಲಾಸ್ಕಾ ಕರಾವಳಿಯ ಸಿಟ್ಕಾ ಸ್ಪ್ರೂಸ್, ಇಲ್ಲವೇ ಅಮೆರಿಕದ ಕೆಂಪು ಸೀಡರ್. ಘನ ಮೀಟರಿಗೆ ಸುಮಾರು 400 ಕಿಲೋ ತೂಗುವ ಈ ಮರಗಳು ತಮ್ಮ ತೂಕಕ್ಕೆ ಹೋಲಿಸಿದರೆ ಅಸಾಧಾರಣ ಬಿಗಿ. ಕರ್ನಾಟಕದ ಕಾಡಿನಲ್ಲಿ ಇವು ಇಲ್ಲ. ಬೆನ್ನು ಮತ್ತು ಪಕ್ಕೆಯದು ಬೇರೆ ಕೆಲಸ: ಗಾಳಿಯನ್ನು ಹಿಡಿದಿಟ್ಟು, ಮೇಲ್ಹಲಗೆಯ ಶಕ್ತಿಯನ್ನು ಪೋಲು ಮಾಡದೆ ನಿಲ್ಲುವುದು. ಅಲ್ಲಿಗೆ ಗಟ್ಟಿ ಮರ ಬರುತ್ತದೆ. ಬೀಟೆ ಅದಕ್ಕೆ ಸರಿಹೊಂದುವುದು ಸುಮ್ಮನೆ ಅಲ್ಲ. ಒಣಗಿದ ಬೀಟೆ ಘನ ಮೀಟರಿಗೆ 800 ಕಿಲೋ ದಾಟುತ್ತದೆ; ತೆಳುವಾಗಿ ಕೀಸಿದ ಹಲಗೆಯನ್ನು ಎರಡು ಬೆರಳಿನಲ್ಲಿ ಹಗುರಾಗಿ ಹಿಡಿದು ಗೆಣ್ಣಿನಿಂದ ತಟ್ಟಿದರೆ ದನಿ ಥಟ್ಟನೆ ಸಾಯುವುದಿಲ್ಲ, ಉಳಿದು ಕೊರಗುತ್ತದೆ. ಮರದೊಳಗಿನ ಘರ್ಷಣೆ ಕಡಿಮೆ ಇದ್ದಾಗ ಹೀಗಾಗುತ್ತದೆ.

ಹಾಗಾದರೆ ದನಿ ಕೇಳಿಯೇ ಬೀಟೆ ಹೌದೋ ಅಲ್ಲವೋ ಹೇಳಬಹುದಲ್ಲ? ಬಿಡಿ ಹಲಗೆಯಾದರೆ ಒಂದು ಮಟ್ಟಿಗೆ ಹೇಳಬಹುದು. ಗಿಟಾರ್ ಆದ ಮೇಲೆ ಸಾಧ್ಯವಿಲ್ಲ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ತಂಡವೊಂದು ರೋಜರ್ ಬಕ್‌ನಾಲ್ ಎಂಬ ಕುಶಲಕರ್ಮಿಯಿಂದ ಆರು ಗಿಟಾರ್ ಮಾಡಿಸಿತು. ಆಕಾರ, ಮೇಲ್ಹಲಗೆ, ತಂತಿ ಎಲ್ಲ ಒಂದೇ. ಬೆನ್ನು ಮತ್ತು ಪಕ್ಕೆ ಮಾತ್ರ ಬ್ರೆಜಿಲಿನ ಬೀಟೆ, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್ ಹೀಗೆ ಬೇರೆ ಬೇರೆ. ಮಂದ ಬೆಳಕಿನ ಕೋಣೆಯಲ್ಲಿ, ವೆಲ್ಡಿಂಗ್ ಕನ್ನಡಕ ತೊಡಿಸಿ, 52 ಮಂದಿ ಗಿಟಾರ್ ವಾದಕರ ಕೈಗೆ ಕೊಟ್ಟರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಅತಿ ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕ ಹೆಚ್ಚುಕಡಿಮೆ ಒಂದೇ. ಇದಕ್ಕಿಂತ ಒಂದೂವರೆ ಶತಮಾನ ಮೊದಲೇ, 1862ರಲ್ಲಿ, ಇಂದಿನ ಗಿಟಾರಿನ ರೂಪ ಕಟ್ಟಿಕೊಟ್ಟ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ ಬೆನ್ನು ಪಕ್ಕೆಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ ತೋರಿಸಿದ್ದ. ಆ ವಾದ್ಯ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಮರ ಮುಖ್ಯವೇ ಅಲ್ಲ ಎಂದು ಇದರ ಅರ್ಥವಲ್ಲ. ಬಾಳಿಕೆ, ಬಾಗಿಸುವಾಗಿನ ನಡತೆ, ಕಣ್ಣಿಗೆ ಕಾಣುವ ಚೆಲುವು, ಮುಂದೆ ಮಾರಿದರೆ ಸಿಗುವ ಬೆಲೆ ಎಲ್ಲದಕ್ಕೂ ಮರ ಬೇಕು. ಆದರೆ ಯಾವ ಮರ ಎಂಬ ಪ್ರಶ್ನೆಯನ್ನು ಕಿವಿಯ ಪಾಲಿಗೆ ಬಿಡಬಾರದು. ಅದು ಕಣ್ಣು, ಮೂಗು, ಒಂದು ಸಣ್ಣ ಭೂತಗನ್ನಡಿ ಉತ್ತರಿಸಬೇಕಾದ ಪ್ರಶ್ನೆ. ಬಣ್ಣಕ್ಕಂತೂ ಬಿಡಲೇಬಾರದು. ಪಾಲಿಶ್ ಹಾಕುವವನ ಡಬ್ಬಿಯಲ್ಲಿ ಬೀಟೆ, ಸಾಗುವಾನಿ, ಮಹಾಗನಿ ಮೂರೂ ಬಣ್ಣ ಇರುತ್ತವೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರಿ ಕುಂಜರ, ಪಂಚನಾರಿ ತುರಗ ಕೆತ್ತಿದ ಮರದ ಕಂಬಗಳಿವೆಯಲ್ಲ, ಅವುಗಳ ಮುಂದೆ ನಿಂತು ಇದು ಯಾವ ಮರ ಎಂದು ಬಣ್ಣ ನೋಡಿ ಹೇಳಲು ಹೋಗಿ. ಶತಮಾನಗಳ ಎಣ್ಣೆ, ಹೊಗೆ, ಕೈಯ ಬೆವರು ಸೇರಿ ಎಲ್ಲ ಮರವೂ ಒಂದೇ ಕಪ್ಪಾಗಿರುತ್ತದೆ.

ಮೊದಲ ಪ್ರಶ್ನೆ ಯಾವ ಮರ ಎಂಬುದೇ ಅಲ್ಲ. ಅದು ಅಖಂಡ ಹಲಗೆಯೋ ಪ್ಲೈವುಡ್ಡೋ ಎಂಬುದು. ಅಗ್ಗದ ಗಿಟಾರಿನ ಮೇಲೆ ರೋಸ್‌ವುಡ್ ಎಂದು ಬರೆದಿದ್ದರೆ ಬಹುತೇಕ ಸಲ ಅದು ಕೂದಲೆಳೆಯಷ್ಟು ತೆಳು ಪದರವನ್ನು ಯಾವುದೋ ಸಾದಾ ಮರದ ಮೇಲೆ ಅಂಟಿಸಿದ್ದು. ಕೆಲವು ಸಲ ಅದೂ ಇಲ್ಲ, ಬೀಟೆಯ ಗೆರೆಗಳನ್ನು ಅಚ್ಚು ಹಾಕಿದ ಹಾಳೆ. ನೋಡುವ ಬಗೆ ಸುಲಭ. ಗಿಟಾರಿನ ನಡುವಿನ ದುಂಡನೆಯ ತೂತಿನ ಅಂಚಿಗೆ ಮೊಬೈಲಿನ ಟಾರ್ಚ್ ಹಿಡಿಯಿರಿ. ಮೇಲ್ಹಲಗೆಯ ಉದ್ದ ಗೆರೆಗಳು ಅಂಚಿನಲ್ಲಿ ತಿರುಗಿ ದಪ್ಪದ ಉದ್ದಕ್ಕೂ ನೇರ ಕೆಳಗಿಳಿದರೆ ಅದು ಅಖಂಡ ಸ್ಪ್ರೂಸ್. ಗೆರೆ ಅರ್ಧಕ್ಕೇ ನಿಂತು, ಅಡ್ಡಕ್ಕೆ ಎರಡು ಮೂರು ಪದರ ಕಂಡರೆ ಪ್ಲೈವುಡ್. ಬೆನ್ನಿಗೆ ಇನ್ನೊಂದು ಉಪಾಯ. ಹೊರಗಿನಿಂದ ನೋಡಿ ಎದ್ದು ಕಾಣುವ ಒಂದು ಗುರುತು, ಒಂದು ಕಪ್ಪು ಪಟ್ಟೆಯನ್ನೋ ಸಣ್ಣ ಗಂಟನ್ನೋ ಆರಿಸಿಕೊಳ್ಳಿ. ಅದು ಎಲ್ಲಿದೆ ಎಂದು ಅಂದಾಜು ಮಾಡಿ ತೂತಿನೊಳಗಿಂದ ಅದೇ ಜಾಗ ನೋಡಿ. ಅಖಂಡ ಹಲಗೆಯಾದರೆ ಅದೇ ಪಟ್ಟೆ, ಅದೇ ಗಂಟು ಒಳಗೂ ಇರಬೇಕು. ಒಳಗೆ ಬೋಳು ಬಿಳಿ ಮರ ಕಂಡರೆ ವಿಷಯ ಮುಗಿಯಿತು. ಒಳಗೂ ಹೊರಗೂ ಬೀಟೆಯ ಪದರ ಅಂಟಿಸಿದವೂ ಇವೆ. ಅಲ್ಲಿ ಎರಡು ಕಡೆಯ ಗೆರೆ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪ್ಲೈವುಡ್ ಗಿಟಾರ್ ಎಂದರೆ ಮೋಸ ಎಂದು ತಿಳಿಯುವುದು ತಪ್ಪು. ಪ್ಲೈವುಡ್ಡನ್ನು ಅಖಂಡ ಮರವೆಂದು ಮಾರುವುದು ಮೋಸ. ಅಖಂಡ ಮರದ ವಾದ್ಯಗಳನ್ನು ಮಾಡುವ ಕಾರ್ಖಾನೆಗಳು ಗಾಳಿಯ ತೇವ ನೂರಕ್ಕೆ 45ರಿಂದ 50ರ ಆಸುಪಾಸಿನಲ್ಲಿ ಇರುವಂತೆ ಕಾಯ್ದುಕೊಳ್ಳುತ್ತವೆ. ನಮ್ಮಲ್ಲಿ ಜೂನ್ ಬಂತೆಂದರೆ ಅದು ವಾರಗಟ್ಟಲೆ 80ರ ಮೇಲೆಯೇ. ಆಟಿ ತಿಂಗಳಲ್ಲಿ ಬಾಗಿಲು ಕೂಡದೆ ಸಿಕ್ಕಿಕೊಳ್ಳುವ ಊರಿನಲ್ಲಿ ಎರಡೂವರೆ ಮಿಲಿಮೀಟರಿನ ಸ್ಪ್ರೂಸ್ ಹಲಗೆ ಉಬ್ಬದೆ ಇರುತ್ತದೆಯೇ? ತಂತಿ ಮೇಲೇಳುತ್ತದೆ, ಬೆರಳು ನೋಯುತ್ತದೆ, ಬ್ರಿಡ್ಜಿನ ಹಿಂದೆ ಹೊಟ್ಟೆ ಬರುತ್ತದೆ. ಕಲಿಯುವ ಮಗುವಿಗೆ, ಪೆಟ್ಟಿಗೆಯೊಳಗೆ ಇಟ್ಟು ಕಾಪಾಡುವ ವ್ಯವಸ್ಥೆ ಇಲ್ಲದ ಮನೆಗೆ, ಪ್ಲೈವುಡ್ ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಪ್ಲೈವುಡ್ಡಿನ ಬೆಲೆಗೆ ಸಿಗಬೇಕು, ಅಷ್ಟೆ.

ಅಖಂಡ ಮರ ಎಂದು ಖಾತ್ರಿಯಾದ ಮೇಲೆ ಜಾತಿಯ ವಿಚಾರ. ಮರದ ಜಾತಿ ತಿಳಿಯುವುದು ಅಡ್ಡ ಕೊಯ್ತದಲ್ಲಿ. ಉದ್ದಕ್ಕೆ ಸೀಳಿದ ಹಲಗೆಯ ಮುಖ ಅಂದವಾಗಿ ಕಾಣುತ್ತದೆ, ಆದರೆ ಎಷ್ಟೋ ಮರಗಳು ಅಲ್ಲಿ ಒಂದೇ ತರ. ಕಾಂಡವನ್ನು ಅಡ್ಡ ಕೊಯ್ದು, ಹರಿತವಾದ ಉಳಿಯಿಂದ ಒಮ್ಮೆ ನಯವಾಗಿ ಸವರಿ, ಆಭರಣದ ಅಂಗಡಿಯವರು ಕಣ್ಣಿಗೆ ಒತ್ತಿಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಮರ ತನ್ನ ಗುರುತು ಬಿಟ್ಟುಕೊಡುತ್ತದೆ. ನೀರು ಹೊತ್ತೊಯ್ಯುವ ನಾಳಗಳ ಬಾಯಿ ಅಲ್ಲಿ ಸಣ್ಣ ತೂತುಗಳಾಗಿ ಕಾಣುತ್ತದೆ. ಆ ತೂತುಗಳು ಚೆಲ್ಲಾಪಿಲ್ಲಿಯಾಗಿವೆಯೋ ಉಂಗುರವಾಗಿ ಸಾಲುಗಟ್ಟಿವೆಯೋ, ಒಂಟಿಯೋ ಜೋಡಿಯೋ, ಸುತ್ತ ತಿಳಿ ಬಣ್ಣದ ಅಂಗಾಂಶ ಹೇಗೆ ಹರಡಿಕೊಂಡಿದೆ ಎನ್ನುವುದೇ ಮರದ ಸಹಿ.

ಬೀಟೆಯ ಅಡ್ಡ ಕೊಯ್ತದಲ್ಲಿ ನಾಳಗಳು ದೊಡ್ಡವು, ಬರಿಗಣ್ಣಿಗೂ ಕಾಣುತ್ತವೆ, ಆದರೆ ದಟ್ಟವಾಗಿಲ್ಲ. ಕೆಲವು ನಾಳಗಳಲ್ಲಿ ಕಪ್ಪು ಅಂಟು ತುಂಬಿರುತ್ತದೆ. ನಾಳದ ಇಕ್ಕೆಲಕ್ಕೂ ತಿಳಿ ಬಣ್ಣದ ಅಂಗಾಂಶ ರೆಕ್ಕೆಯಂತೆ ಚಾಚಿ, ಪಕ್ಕದ ನಾಳದ ರೆಕ್ಕೆಗೆ ತಾಗಿ, ಅಲೆಅಲೆಯಾದ ಸಪೂರ ಗೆರೆಗಳಾಗುತ್ತದೆ. ಇನ್ನು ಹಲಗೆಯ ಅಗಲ ಮುಖವನ್ನು ಓರೆ ಬೆಳಕಿಗೆ ಹಿಡಿದರೆ, ನೆರೆ ಇಳಿದ ಮೇಲೆ ನೇತ್ರಾವತಿಯ ಮರಳಿನ ಮೇಲೆ ಉಳಿಯುವ ಗೆರೆಗಳಂತೆ, ಅತಿ ನವಿರಾದ ಅಡ್ಡ ಅಲೆಗೆರೆಗಳು ಕಾಣುತ್ತವೆ. ಮರದೊಳಗಿನ ಕಿರಣಕೋಶಗಳು ಅಂತಸ್ತು ಅಂತಸ್ತಾಗಿ ಜೋಡಿಸಿಕೊಂಡಿರುವುದರಿಂದ ಬರುವ ಗುರುತು ಇದು. ಸಾಗುವಾನಿಯಲ್ಲಿ, ಹಲಸಿನಲ್ಲಿ ಇದು ಇಲ್ಲ. ಬಣ್ಣ ಬಳಿದು ಇದನ್ನು ತಯಾರಿಸಲು ಬರುವುದಿಲ್ಲ.

ಬಿ.ಸಿ. ರೋಡಿನ ಆಸುಪಾಸಿನ ಮರದ ಮಿಲ್ಲೊಂದರಲ್ಲಿ ಬಡಗಿ ಆಚಾರ್ರೊಬ್ಬರು ಹಳೆಯ ಮಂಚದ ಕಾಲೊಂದನ್ನು ಸೀಳುವುದನ್ನು ನೋಡುತ್ತ ನಿಂತಿದ್ದೆ. ಹೊರಗೆ ಮಸಿಗಪ್ಪು, ಬ್ಲೇಡು ದಾಟಿದ ಮೇಲೆ ಒಳಗೆ ಎಳೆ ಬದನೆಯ ನೇರಳೆ ಬಣ್ಣ, ಅದರ ಮೇಲೆ ಕಪ್ಪು ಗೆರೆ. "ಇದು ಬೀಟೆಯೇ ಅಂತ ಹೇಗೆ ಗೊತ್ತಾಗುದು ಆಚಾರ್ರೆ?" ಎಂದು ಕೇಳಿದೆ. ಅವರು ಒಂದು ಹಿಡಿ ಹೊಟ್ಟು ಎತ್ತಿ ನನ್ನ ಕೈಗೆ ಹಾಕಿದರು. "ಮೂಸಿ ನೋಡಿ ಮಾರಾಯ್ರೆ. ಬಣ್ಣ ಯಾರು ಬೇಕಾದ್ರೂ ಕೊಡ್ತಾರೆ. ಪರಿಮಳ ಕೊಡ್ಲಿಕ್ಕೆ ಆಗುದಿಲ್ಲ." ಹೊಸದಾಗಿ ಕೊಯ್ದ ಬೀಟೆಗೆ ಸಿಹಿಯಾದ, ಹೂವಿನಂಥ ಗಂಧವಿದೆ. ದಶಕಗಳ ಹಿಂದಿನ ಮರವಾದರೂ ಹೊಸ ಗಾಯ ಮಾಡಿದರೆ ಅದು ಮತ್ತೆ ಬರುತ್ತದೆ. ಆಮೇಲೆ ಅವರು ಪಾಲಿಶಿಗೆಂದು ಇಟ್ಟ ಸ್ಪಿರಿಟ್ಟನ್ನು ಹತ್ತಿಗೆ ಹಾಕಿ ಕೀಸಿದ ಜಾಗಕ್ಕೆ ಉಜ್ಜಿದರು. ಹತ್ತಿ ನೇರಳೆಯಾಯಿತು.

ಈ ಸ್ಪಿರಿಟ್ ಪರೀಕ್ಷೆ ಗಿಟಾರ್ ಮಾಡುವವರಿಗೆ ಚೆನ್ನಾಗಿ ಗೊತ್ತು. ಬೀಟೆಗೆ ಅರಗಿನ ಪಾಲಿಶ್ ಹಚ್ಚುವಾಗ ನೇರಳೆ ಬಣ್ಣ ಬಿಟ್ಟು ಪಕ್ಕದ ಬಿಳಿ ಸ್ಪ್ರೂಸಿಗೆ ಹತ್ತಿಕೊಳ್ಳುತ್ತದೆಂದು ಅವರು ಜಾಗ್ರತೆ ಮಾಡುತ್ತಾರೆ. ನಾವು ಕೊಳ್ಳುವವರೂ ಇದನ್ನು ಬಳಸಬಹುದು, ಆದರೆ ಹೊರಮೈಗೆ ಸ್ಪಿರಿಟ್ ಮುಟ್ಟಿಸಲೇಬೇಡಿ, ಪಾಲಿಶ್ ಕಿತ್ತು ಬರುತ್ತದೆ. ಗಿಟಾರಿನ ಒಳಮೈಗೆ ಸಾಮಾನ್ಯವಾಗಿ ಪಾಲಿಶ್ ಇರುವುದಿಲ್ಲ. ಅಂಗಡಿಯವನ ಒಪ್ಪಿಗೆ ಪಡೆದು, ಕಿವಿಗೆ ಬಳಸುವ ಹತ್ತಿ ಕಡ್ಡಿಯನ್ನು ಸ್ಪಿರಿಟಿನಲ್ಲಿ ಅದ್ದಿ, ತೂತಿನೊಳಗೆ ಕೈ ಹಾಕಿ ಬೆನ್ನಿನ ಒಳಭಾಗಕ್ಕೆ ಸ್ವಲ್ಪ ಉಜ್ಜಿ. ನೇರಳೆ ಬಂದರೆ ಬೀಟೆಯ ಪರವಾಗಿ ಬಲವಾದ ಸಾಕ್ಷಿ. ಏನೂ ಬರದಿದ್ದರೆ ಸಂಶಯಪಡಿ. ಹಾಗೆಯೇ ತೂತಿಗೆ ಮೂಗು ಹಿಡಿದು ಒಮ್ಮೆ ಉಸಿರೆಳೆದುಕೊಳ್ಳಿ. ಬೀಟೆಯ ಗಂಧವೋ ಬರೀ ಅಂಟಿನ ವಾಸನೆಯೋ ತಿಳಿಯುತ್ತದೆ.

ತಂತಿ ಒತ್ತುವ ಪಟ್ಟಿ ಮತ್ತು ಬ್ರಿಡ್ಜ್ ನೋಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ಅಡ್ಡ ಕೊಯ್ತ ಬಯಲಾಗಿ ಕಾಣುವುದು ಅಲ್ಲೇ. ಪಟ್ಟಿಯ ತುದಿ ತೂತಿನ ಬಳಿ ಕೊನೆಯಾಗುವಲ್ಲಿ. ಅಲ್ಲಿ ಭೂತಗನ್ನಡಿ ಹಿಡಿದರೆ ನಾಳಗಳ ವಿನ್ಯಾಸ ಸ್ಪಷ್ಟ. ಕರಿಮರ, ಅಂದರೆ ಎಬೊನಿಯಾದರೆ ನಾಳಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಮೈ ಕಲ್ಲಿನ ನುಣುಪು. ದೊಡ್ಡ ತೂತುಗಳಿರುವ ಮರಕ್ಕೆ ಕಪ್ಪು ಬಳಿದು ಕರಿಮರ ಎಂದು ಮಾರುವುದುಂಟು. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದರೆ ಕೆಲವು ಸಲ ಬಣ್ಣವೇ ಬಟ್ಟೆಗೆ ಬರುತ್ತದೆ. ಈಚಿನ ವರ್ಷಗಳಲ್ಲಿ ಅಗ್ಗದ ವಾದ್ಯಗಳ ಪಟ್ಟಿಗೆ 'ಇಂಡಿಯನ್ ಲಾರೆಲ್' ಎಂಬ ಮರ ಬರುತ್ತಿದೆ. ಫೆಂಡರ್ ಕಂಪನಿಯ ಸ್ಕ್ವೈಯರ್ ಮಾದರಿಗಳಲ್ಲಿ ಅದನ್ನು ನೋಡಬಹುದು. ಅದು ನಮ್ಮ ಮತ್ತಿ ಮರ, ಮೊಸಳೆಯ ಬೆನ್ನಿನಂತೆ ತೊಗಟೆ ಒಡೆದಿರುವ ಅದೇ ಕಾಡುಮರ. ಮನೆಯ ತೊಲೆಗೆ, ಎತ್ತಿನ ಗಾಡಿಗೆ ಬಳಸುತ್ತಿದ್ದ ಮರ ಕಡಲಾಚೆ ಹೋಗಿ ಗಿಟಾರಿನ ಕುತ್ತಿಗೆ ಏರಿದೆ.

ಬೀಟೆಯೊಂದಿಗೆ ಗೊಂದಲವಾಗುವ ಮರಗಳಲ್ಲಿ ಮೊದಲನೆಯದು ಅದರ ತಂಗಿಯಂಥ ಉತ್ತರ ಭಾರತದ ಸಿಸ್ಸೂ. ಬಣ್ಣ ಹೆಚ್ಚು ಕಂದು, ನೇರಳೆ ಛಾಯೆ ಇಲ್ಲ. ಅಂಗಡಿಗಳಲ್ಲಿ ಎರಡನ್ನೂ ಶೀಶಮ್ ಎಂದು ಕರೆದು ಮಾರುವುದರಿಂದ ಎಡವುವುದು ಸುಲಭ. ಎರಡನೆಯದು ಹೊನ್ನೆ, ತುಳುವಿನ ಬೇಂಗ. ಗಿಟಾರಿಗೆ ಹೊನ್ನೆ ಅಪರೂಪ, ಆದರೆ ಅದೇ ಕುಲದ ಆಫ್ರಿಕಾದ ಪಡೌಕ್ ಬಳಕೆಯಲ್ಲಿದೆ. ಹೊನ್ನೆಯನ್ನು ಗುರುತಿಸುವ ಪರೀಕ್ಷೆಯಷ್ಟು ಚೆಂದದ್ದು ಇನ್ನೊಂದಿಲ್ಲ: ಚೇಗಿನ ನಾಲ್ಕು ಚೂರು ಗಾಜಿನ ಲೋಟದ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಬಿಸಿಲಿಗೆ ಹಿಡಿಯಿರಿ, ನೀರು ಅಂಚಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯವರು ನೀರು ಕುಡಿಯಲು ಬಳಸುವ ಮರದ ಲೋಟ ಇದರದ್ದೇ.

ಮಹಾಗನಿಯನ್ನು ಈಗ ನಮ್ಮ ತೋಟಗಳ ಬೇಲಿಸಾಲಿನಲ್ಲೇ ನೆಟ್ಟಿದ್ದಾರೆ. ಗಿಟಾರಿನಲ್ಲಿ ಅದೂ ಹಳೆಯ ಮರವೇ. ಕೆಂಪುಗಂದು ಬಣ್ಣ, ಹಗುರ, ಅಡ್ಡ ಕೊಯ್ತದಲ್ಲಿ ಬೆಳವಣಿಗೆಯ ಹಂತಕ್ಕೊಂದು ತಿಳಿ ಗೆರೆ. ಮಹಾಗನಿಯ ಹೆಸರಿನಲ್ಲಿ ಬರುವ ಆಫ್ರಿಕಾದ ಸಪೇಲೆಯನ್ನು ಅದರ ಪಟ್ಟೆಗಳಿಂದ ಹಿಡಿಯಬಹುದು. ಮರದ ನಾರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಬೆಳೆಯುವುದರಿಂದ ಹಲಗೆಯನ್ನು ಅಲುಗಿಸಿದಾಗ ತಿಳಿ-ಗಾಢ ರಿಬ್ಬನ್ನುಗಳು ಜಾಗ ಬದಲಾಯಿಸುತ್ತವೆ. ಗುಡ್ಡಗಳಲ್ಲಿ ಸಾಲುಸಾಲಾಗಿ ನೆಟ್ಟಿರುವ ಅಕೇಶಿಯಾವನ್ನು ನಾವು ಸೌದೆಯೆಂದೇ ನೋಡುತ್ತೇವೆ. ಗಿಟಾರಿನಲ್ಲಿ ಬಹಳ ಬೆಲೆ ಬಾಳುವ ಹವಾಯಿಯ ಕೋವಾ, ಆಸ್ಟ್ರೇಲಿಯಾದ ಬ್ಲ್ಯಾಕ್‌ವುಡ್ ಎರಡೂ ಅಕೇಶಿಯಾ ಕುಲದವೇ. ಚೆನ್ನಾಗಿ ಬಲಿತ, ನೆಟ್ಟಗಿನ ಅಕೇಶಿಯಾ ದಿಮ್ಮಿಯನ್ನು ಒಲೆಗೆ ಹಾಕುವ ಮುನ್ನ ಯಾರಾದರೂ ವಾದ್ಯ ಮಾಡುವವರು ಒಮ್ಮೆ ಸೀಳಿ ನೋಡಬೇಕು ಎಂದು ನನಗೆ ನಿಜವಾಗಿ ಅನ್ನಿಸಿದೆ.

ಹಲಸಿನ ಮಾತು ಬಿಟ್ಟರೆ ಈ ಊರುಗಳ ವಾದ್ಯದ ಮರದ ಕಥೆ ಪೂರ್ತಿಯಾಗುವುದಿಲ್ಲ. ತೆಂಕುತಿಟ್ಟಿನ ಚೆಂಡೆ, ಮದ್ದಳೆಯ ಒಡಲಿಗೆ ಹಲಸು. ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲಿ ವೀಣೆಗೂ ಹಲಸು. ಹೊಸದಾಗಿ ಕೊಯ್ದ ಹಲಸು ಅರಿಶಿನದ ಹಳದಿ. ಗಾಳಿ ಬೆಳಕು ತಾಗಿ ವರ್ಷಗಳಲ್ಲಿ ಕಂದಾಗುತ್ತದೆ. ನಾಳಗಳು ದೊಡ್ಡವು, ಕಿರಣಗಳು ಬರಿಗಣ್ಣಿಗೆ ಕಾಣುತ್ತವೆ. ಅದರ ಕಾಡು ಬಂಧು ಹೆಬ್ಬಲಸು, ಅಂದರೆ ಪೆಜ, ಬಣ್ಣದಲ್ಲಿ ಹತ್ತಿರವೇ ಇದೆ. ಇಲ್ಲಿ ಕುತೂಹಲದ ಸಂಗತಿ ಎಂದರೆ ಚೆಂಡೆ ಮಾಡಿಸುವವರು ಮರದ ವಿಷಯದಲ್ಲಿ ಎಂದೂ ಹೆಸರಿಗೆ ಮೋಸ ಹೋಗುವುದಿಲ್ಲ. ಏಕೆಂದರೆ ಮರ ನಿಂತಿದ್ದಾಗಲೇ ನೋಡಿರುತ್ತಾರೆ. ಯಾರ ಹಿತ್ತಿಲಿನದು, ಎಷ್ಟು ಬಲಿತದ್ದು, ಚೇಗು ಎಷ್ಟಿದೆ ಎಲ್ಲ ಗೊತ್ತಿರುತ್ತದೆ. ಗಿಟಾರ್ ಕೊಳ್ಳುವವನಿಗೂ ಮರಕ್ಕೂ ನಡುವೆ ನಾಲ್ಕು ದೇಶಗಳಿವೆ. ಭಾರತದ ಬೀಟೆ ಎಂಬ ಹೆಸರಿನ ಮರ ಭಾರತದ್ದೇ ಆಗಿರಬೇಕೆಂದೂ ಇಲ್ಲ. ಇದೇ ಜಾತಿಯನ್ನು ಇಂಡೋನೇಷ್ಯಾದ ಜಾವಾದಲ್ಲಿ ನೆಟ್ಟು ಬೆಳೆಸುತ್ತಾರೆ, ಅಲ್ಲಿ ಅದರ ಹೆಸರು ಸೋನೋಕೆಲಿಂಗ್.

ನಮ್ಮ ಬೀಟೆ ಗಿಟಾರಿನ ಮುಖ್ಯ ಮರವಾದದ್ದು ಇನ್ನೊಂದು ಮರ ಮುಗಿದದ್ದರಿಂದ. ಮೊದಲು ಎಲ್ಲರಿಗೂ ಬೇಕಾಗಿದ್ದದ್ದು ಬ್ರೆಜಿಲಿನ ಬೀಟೆ. ಅಲ್ಲಿಯ ಸರಕಾರ ದಿಮ್ಮಿ ರಫ್ತಿಗೆ ತಡೆ ಹಾಕಿದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು, ಉಳಿದವರು ಹಿಂಬಾಲಿಸಿದರು. 1992ರಲ್ಲಿ ಬ್ರೆಜಿಲಿನ ಬೀಟೆ ಸೈಟಿಸ್ ಎಂಬ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ ಸೇರಿತು. 2017ರ ಜನವರಿ 2ರಿಂದ ಈ ಕುಲದ ಉಳಿದೆಲ್ಲ ಮರಗಳೂ, ನಮ್ಮ ಬೀಟೆಯೂ, ಎರಡನೇ ಪಟ್ಟಿಗೆ ಬಂದವು. ಗಿಟಾರ್ ಹಿಡಿದು ದೇಶ ದಾಟುವವರಿಗೂ ಮಾರುವವರಿಗೂ ಕಾಗದಪತ್ರದ ತಲೆನೋವು ಶುರುವಾಯಿತು. 2019ರ ನವೆಂಬರ್ 26ರಿಂದ, ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲಿನ ಬೀಟೆಗೆ ಮಾತ್ರ ಇಲ್ಲ.

ಇಲ್ಲಿಯೇ ಗುರುತಿಸುವ ವಿದ್ಯೆ ಬರೀ ಕುತೂಹಲವಾಗಿ ಉಳಿಯದೆ ಕಾನೂನಿನ ಪ್ರಶ್ನೆಯಾಗುವುದು. ಬ್ರೆಜಿಲಿನದ್ದಕ್ಕೂ ನಮ್ಮದಕ್ಕೂ ಭೂತಗನ್ನಡಿಯಲ್ಲಿ ವ್ಯತ್ಯಾಸ ಹೇಳುವುದು ಪಳಗಿದವರಿಗೂ ಕಷ್ಟ. ಅಮೆರಿಕದ ಒರೆಗಾನ್ ರಾಜ್ಯದ ಆ್ಯಶ್‌ಲ್ಯಾಂಡಿನಲ್ಲಿರುವ ವನ್ಯಜೀವಿ ನ್ಯಾಯವಿಜ್ಞಾನ ಪ್ರಯೋಗಾಲಯದವರು ಮರದ ಒಂದು ಚೂರನ್ನು ಬಿಸಿ ಅನಿಲದ ಮುಂದೆ ಹಿಡಿದು, ಹೊರಡುವ ಅಣುಗಳ ತೂಕ ಅಳೆದು ಎರಡನ್ನೂ ಬೇರ್ಪಡಿಸುತ್ತಾರೆ. ಆಚಾರ್ರ ಮೂಗು ಮಾಡುವ ಕೆಲಸವನ್ನೇ ಯಂತ್ರ ಇನ್ನಷ್ಟು ಸೂಕ್ಷ್ಮವಾಗಿ ಮಾಡುತ್ತದೆ. ಕಾಗದದ ಹೆಸರಿಗೂ ಮರಕ್ಕೂ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿಬ್ಸನ್ ಕಂಪನಿಯ ಪ್ರಕರಣ ಸಾಕು. 2011ರ ಆಗಸ್ಟ್ 24ರಂದು ಅಮೆರಿಕದ ಅಧಿಕಾರಿಗಳು ಅದರ ಕಾರ್ಖಾನೆಗಳಿಗೆ ನುಗ್ಗಿ ಭಾರತದಿಂದ ಬಂದ ಬೀಟೆ, ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಭಾರತದ ನಿಯಮ ಒಪ್ಪುವ 6 ಮಿಲಿಮೀಟರಿಗಿಂತ ಅವು ದಪ್ಪ, ಕಾಗದದಲ್ಲಿ ಬರೆದದ್ದೇ ಬೇರೆ ಎಂಬುದು ಆರೋಪ. 2012ರಲ್ಲಿ, ಮುಖ್ಯವಾಗಿ ಮಡಗಾಸ್ಕರಿನ ಕರಿಮರದ ಹಿಂದಿನ ಪ್ರಕರಣಕ್ಕೆ ಸಂಬಂಧಿಸಿ, ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿ ರಾಜಿಯಾಯಿತು. ಭಾರತದ ಮರದ ಮೇಲಿನ ಹಕ್ಕುಸಾಧನೆಯನ್ನು ಸರಕಾರ ಕೈಬಿಟ್ಟಿತು.

ಊರಲ್ಲಿರುವವರಿಗೂ ಕಾನೂನು ಇದೆ. ಕರ್ನಾಟಕ ಅರಣ್ಯ ಕಾಯ್ದೆ 1963ರದ್ದು, ಮರ ಸಂರಕ್ಷಣಾ ಕಾಯ್ದೆ 1976ರದ್ದು. ಸ್ವಂತ ಜಾಗದಲ್ಲಿ ಬೆಳೆದ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ರಹದಾರಿ ಇಲ್ಲದೆ ಸಾಗಿಸುವಂತಿಲ್ಲ. ಕುಮ್ಕಿ ಜಾಗದ ಮರವಾದರೆ ಇನ್ನೂ ಜಾಗ್ರತೆ ಬೇಕು. ಇದರಿಂದ ಬೇಸತ್ತು, ತೋಟದಲ್ಲಿ ಬೀಟೆಯ ಸಸಿ ತಾನಾಗಿ ಎದ್ದರೆ ಬೆಳೆಯುವ ಮೊದಲೇ ಸವರಿಬಿಡುವವರನ್ನು ಬಲ್ಲೆ. ಮುಂದೆ ಕಿರಿಕಿರಿ ಯಾಕೆ ಎಂಬ ಲೆಕ್ಕ. ಅವರ ಭಯ ಅರ್ಥವಾಗುತ್ತದೆ, ಆದರೆ ನಷ್ಟ ದೊಡ್ಡದು. ಬೀಟೆ ನಿಧಾನದ ಮರ. ಬೆನ್ನಿಗೆ ಬೇಕಾಗುವಷ್ಟು ಅಗಲದ, ನೇರ ಎಳೆಯ ಹಲಗೆ ಕೊಡಲು ಅದಕ್ಕೆ ಒಂದು ತಲೆಮಾರು ಸಾಲದು. ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದನ್ನು ಅಪಾಯದ ಅಂಚಿನ ಜಾತಿಯೆಂದು ಗುರುತಿಸಿದ್ದಾರೆ. ಒಂದು ಸಮಾಧಾನವೆಂದರೆ ಅದು ಬೀಜದಿಂದ ಮಾತ್ರವಲ್ಲ, ಬೇರಿನಿಂದಲೂ ಚಿಗುರುತ್ತದೆ. ಒಂದು ಮರ ಉಳಿದರೆ ಸುತ್ತ ನಾಲ್ಕು ಏಳುತ್ತವೆ. ಬೆಳೆಗಾರ ತಾನು ಬೆಳೆಸಿದ ಬೀಟೆಯನ್ನು ನ್ಯಾಯವಾಗಿ, ಸಲೀಸಾಗಿ ಮಾರುವ ದಾರಿಯನ್ನು ಸರಕಾರ ಸರಳ ಮಾಡಿದರೆ ಸವರುವ ಕತ್ತಿ ತಾನಾಗಿ ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ.

ಸಂಶಯ ಬಂದ ಮರವನ್ನು ಖಚಿತವಾಗಿ ತಿಳಿಯಬೇಕೆಂದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಮಾದರಿಗಳ ದೊಡ್ಡ ಸಂಗ್ರಹ ಅಲ್ಲಿದೆ, ಶುಲ್ಕ ಪಡೆದು ಚೂರನ್ನು ಪರೀಕ್ಷಿಸಿ ಜಾತಿ ಹೇಳುತ್ತಾರೆ. ಗಿಟಾರ್ ಒಡೆದು ಕಳಿಸಬೇಕಾಗಿಲ್ಲ, ಹಳೆಯ ಮನೆ ಕೆಡವುವಾಗ ಸಿಗುವ ಹಲಗೆ, ತೊಲೆಗಳಿಗೆ ಇದು ನಿಜಕ್ಕೂ ಉಪಯೋಗ. ಆ ಹಳೆಯ ಬೀಟೆಯನ್ನು ಸೌದೆಯ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಮಂಚದ ಒಂದು ಅಗಲ ಹಲಗೆಯಲ್ಲಿ ಗಿಟಾರಿನ ಬೆನ್ನಿಗೆ ಸಾಲುವಷ್ಟು, ದಶಕಗಟ್ಟಲೆ ಒಣಗಿದ ಮರ ಇರಬಹುದು.

ಇನ್ನು ಹೊಸದು ಕೊಳ್ಳುವವರಿಗೆ. ಅಂಗಡಿಯವನಲ್ಲಿ ಮೂರು ಸಂಗತಿ ಕೇಳಿ: ಮೇಲ್ಹಲಗೆ ಅಖಂಡವೋ, ಬೆನ್ನು ಪಕ್ಕೆ ಅಖಂಡವೋ, ಮರದ ಜಾತಿ ಯಾವುದು. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಪ್ಲೈವುಡ್ಡಿನ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ.